ಸಣ್ಣ ಕಟ್ಟೆ, ದೊಡ್ಡ ಹೊಣೆ

ಅಣೆಕಟ್ಟು ಎಂದೊಡನೆ ನಮಗೆ ತುಂಗಭದ್ರೆಯಂಥ ಮಹಾ ಜಲಾಶಯಗಳು ನೆನಪಾಗುತ್ತವೆ. ಆದರೆ ಸಣ್ಣ ಮಣ್ಣಿನ ಕಟ್ಟೆಗಳಿಂದಲೂ ನಾವು ಕಲಿಯಬೇಕಾದ ಪಾಠವಿದೆ.

ಅಮೆರಿಕದ ಪಶ್ಚಿಮ ಭಾಗವು ದನಗಳನ್ನು ಮೇಯಿಸುವ ವಿಶಾಲ ಹುಲ್ಲುಗಾವಲುಗಳ ನಾಡು. ಅಲ್ಲಿ ಮಳೆ ಕಡಿಮೆ. ಬೆಟ್ಟದ ಹಿಮ ಕರಗಿದ ನೀರು ಬೇಸಿಗೆಯ ಆರಂಭದಲ್ಲೇ ಹರಿದುಹೋಗುತ್ತದೆ. ಅದನ್ನು ಹಿಡಿದಿಡಲು ಪಶುಪಾಲಕರೂ ರೈತರೂ ಸ್ವಂತ ಖರ್ಚಿನಿಂದ ಅನೇಕ ಕಟ್ಟೆಗಳನ್ನು ಕಟ್ಟಿಕೊಂಡರು.

ನಮ್ಮ ಕೆರೆಗಳಂತೆ ಇಂಥ ಕಟ್ಟೆಗೂ ಮೂರು ಮುಖ್ಯ ಅಂಗಗಳಿವೆ. ನೀರನ್ನು ತಡೆಯುವುದು ಏರಿ. ಬೇಕಾದಾಗ ನೀರು ಬಿಡುವುದು ತೂಬು. ಹೆಚ್ಚಾದ ನೀರನ್ನು ಹೊರಹಾಕುವುದು ಕೋಡಿ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹರಿದು ಮಣ್ಣನ್ನು ಕೊರೆಯುತ್ತದೆ. ತೂಬಿನ ಬಳಿ ಸೋರಿದರೆ ಅಪಾಯ ಕಣ್ಣಿಗೆ ಕಾಣದು. ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತೊಯ್ದು ಏರಿಯೊಳಗೆ ಸುರಂಗವನ್ನೇ ಮಾಡುತ್ತದೆ.

ಕೊಲೊರಾಡೊ ರಾಜ್ಯದ ಲಾನ್ ಲೇಕ್ ಕಟ್ಟೆ ಇದಕ್ಕೆ ನಿದರ್ಶನ. ರೈತರ ನೀರಾವರಿ ಕಂಪನಿಯೊಂದು 1903ರಲ್ಲಿ ಇದನ್ನು ಬೆಟ್ಟದ ಮೇಲೆ ಕಟ್ಟಿಸಿತು. 1915ರಲ್ಲಿ ಸುತ್ತಲಿನ ಪ್ರದೇಶ ರಾಷ್ಟ್ರೀಯ ಉದ್ಯಾನವಾದರೂ ಕಟ್ಟೆ ಖಾಸಗಿಯಾಗಿಯೇ ಉಳಿಯಿತು. ಏರಿಯ ಎತ್ತರ ಕೇವಲ 26 ಅಡಿ. ಅಲ್ಲಿಗೆ ಸುಮಾರು 6 ಮೈಲಿ ಕಾಲುದಾರಿಯಲ್ಲಿ ಹತ್ತಿ ಹೋಗಬೇಕಾದ್ದರಿಂದ ಅದನ್ನು ನೋಡಿಕೊಳ್ಳುವುದು ಸುಲಭವಾಗಿರಲಿಲ್ಲ.

ತೂಬಿನ ಕೊಳವೆಗೂ ಅದರ ಕವಾಟಕ್ಕೂ ನಡುವಿನ ಬೆಸುಗೆಗೆ ಸೀಸ ತುಂಬಿದ್ದರು. ಕಾಲಕ್ರಮದಲ್ಲಿ ಆ ಸೀಸ ಹಾಳಾಗಿ ನೀರು ಸೋರಿತು. ಸೋರಿದ ನೀರು ಏರಿಯ ಮಣ್ಣನ್ನು ಕೊರೆಯಿತು. 1982ರ ಜುಲೈ 15ರ ಬೆಳಗಿನ ಜಾವ ಏರಿ ಒಡೆದು ಸುಮಾರು 83 ಕೋಟಿ ಲೀಟರ್ ನೀರು ಕಣಿವೆಗೆ ನುಗ್ಗಿತು. ದಾರಿಯಲ್ಲಿದ್ದ ಇನ್ನೊಂದು ಸಣ್ಣ ಕಾಂಕ್ರೀಟ್ ಕಟ್ಟೆಯೂ ಉರುಳಿತು. ಕೆಳಗಿನ ಎಸ್ಟೆಸ್ ಪಾರ್ಕ್ ಪಟ್ಟಣದ ಬೀದಿಗಳಲ್ಲಿ ಕೆಸರುನೀರು ಹರಿಯಿತು. ಬೆಟ್ಟದಲ್ಲಿ ಡೇರೆ ಹಾಕಿಕೊಂಡಿದ್ದವರಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಸುಮಾರು 3 ಕೋಟಿ 10 ಲಕ್ಷ ಡಾಲರ್ ನಷ್ಟವಾಯಿತು.

ಕಸ ಸಾಗಿಸಲು ಬಂದಿದ್ದ ಕಾರ್ಮಿಕನೊಬ್ಬ ಪ್ರವಾಹದ ಸದ್ದು ಕೇಳಿ ಕೂಡಲೇ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸಿದನು. ಅದರಿಂದ ಪಟ್ಟಣದ ಜನರನ್ನು ಎಚ್ಚರಿಸಲು ಸಮಯ ಸಿಕ್ಕಿತು. ಒಬ್ಬ ಸಾಮಾನ್ಯನ ಕರ್ತವ್ಯಪ್ರಜ್ಞೆ ಎಷ್ಟು ಜೀವಗಳನ್ನು ಕಾಯಬಲ್ಲದು! ಆ ಕಟ್ಟೆಯನ್ನು ಮತ್ತೆ ಕಟ್ಟಲಿಲ್ಲ.

ಕಟ್ಟೆಯ ಒಡೆತನ ಯಾರದೇ ಇರಲಿ, ಅದರ ಕೆಳಗೆ ಬಾಳುವವರ ಜೀವ ಅದನ್ನೇ ನಂಬಿದೆ. ಆದ್ದರಿಂದ ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು, ಇಲಿ, ಹೆಗ್ಗಣಗಳ ಬಿಲಗಳನ್ನು ಮುಚ್ಚಬೇಕು, ಕೋಡಿಯನ್ನು ತೆರವಾಗಿಡಬೇಕು. ಸೋರುವ ನೀರು ತಿಳಿಯಾಗಿದ್ದರೂ ಗಮನವಿರಲಿ. ಕದಡಿ ಬಂದರೆ ಏರಿಯ ಮಣ್ಣು ಹೋಗುತ್ತಿದೆ ಎಂದೇ ತಿಳಿಯಬೇಕು. ಅದನ್ನು ಕಂಡ ವಿದ್ಯಾರ್ಥಿಗಳು ಒಡನೆಯೇ ಹಿರಿಯರಿಗೆ ತಿಳಿಸಲಿ. ಹಿರಿಯರು ತಡಮಾಡದೆ ದುರಸ್ತಿ ಮಾಡಿಸಲಿ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯುವ ಕಾಲ ಬಾರದಿರಲಿ.