ದಿನದ ಚಿಂತನೆ: ಅರಳಿ ಮರ ಮತ್ತು ಅದರ ಕಣಜ



"ಪ್ರಕೃತಿಯಲ್ಲಿ ಒಂದೊಂದು ಜೀವಿಗೆ ಒಂದೊಂದು ಕೆಲಸ. ಊರಿನ ಜಾತಿಗಳೂ ಹಾಗೆಯೇ, ಒಂದಕ್ಕೊಂದು ಆಸರೆ." ಈ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಇದಕ್ಕೆ ಉತ್ತರ ನಾವು ಬೋಧಿವೃಕ್ಷವೆಂದು ಗೌರವಿಸುವ ಅರಳಿ ಮರದಲ್ಲೇ ಇದೆ.

ಅರಳಿ ಹೂ ಬಿಟ್ಟದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅತ್ತಿ, ಆಲ, ಅರಳಿಗಳ ಹೂಗಳು ಕಾಯಿಯ ಒಳಗೇ ಇರುತ್ತವೆ. ಕಾಯಿಯ ತುದಿಯಲ್ಲಿ ಒಂದು ಸಣ್ಣ ಕಿಂಡಿ. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜದ ಹುಳ ಅದರೊಳಗೆ ನುಸುಳುತ್ತದೆ. ನುಸುಳುವಾಗ ರೆಕ್ಕೆಗಳೇ ಕಿತ್ತುಹೋಗುತ್ತವೆ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಆ ಹೂಗಳಲ್ಲಿ ಮರಿ ಬೆಳೆಯುತ್ತದೆ, ಉಳಿದವುಗಳಲ್ಲಿ ಬೀಜ ಕಟ್ಟುತ್ತದೆ. ಕಣಜವಿಲ್ಲದೆ ಅರಳಿಗೆ ಬೀಜವಿಲ್ಲ, ಅರಳಿಯಿಲ್ಲದೆ ಆ ಕಣಜಕ್ಕೆ ಬದುಕಿಲ್ಲ. ಯಾವುದೂ ತಾನೊಂದೇ ಹುಟ್ಟುವುದಿಲ್ಲ ಎಂಬ ಪಟಿಚ್ಚಸಮುಪ್ಪಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಆದರೆ ಅದೇ ಕಾಯಿಗೆ ಬೇರೆ ಕಣಜಗಳೂ ಬರುತ್ತವೆ. ಅವುಗಳಲ್ಲಿ ಹಲವು ಹೊರಗೆ ಕುಳಿತೇ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆಯಿಡುತ್ತವೆ. ಪರಾಗ ತರುವುದಿಲ್ಲ. ಅವುಗಳ ಮರಿಗಳು ಮರದ ಅನ್ನ ಉಣ್ಣುತ್ತವೆ. ಕೆಲವು, ಪರಾಗ ತಂದ ಕಣಜದ ಮರಿಯನ್ನೇ ಕೊಲ್ಲುತ್ತವೆ. ಇವೂ ಮರವನ್ನೇ ಅವಲಂಬಿಸಿವೆ. ಆದರೆ ಇದು ಸಹಜೀವನವಲ್ಲ, ಪರಾವಲಂಬನೆ. ಅವಲಂಬನೆ ಇದೆಯೇ ಎಂದು ಕೇಳಿದರೆ ಸಾಲದು. ಯಾರು ಕೊಟ್ಟರು, ಯಾರು ಪಡೆದರು ಎಂದೂ ಕೇಳಬೇಕು.

ಅದೇ ಪ್ರಶ್ನೆಯನ್ನು ಊರಿಗೂ ಕೇಳೋಣ. ಸತ್ತ ದನ ಎಳೆದವರು, ಸಾವಿನ ಸುದ್ದಿ ಹೊತ್ತು ಊರೂರು ತಿರುಗಿದವರು ನಮ್ಮ ಅಜ್ಜಂದಿರು. ಸಿಕ್ಕಿದ್ದು ತಂಗಳು ಮತ್ತು ಊರಾಚೆಯ ಕೇರಿ. ಊರಿಗೆ ಅವರ ದುಡಿಮೆ ಬೇಕಿತ್ತು, ಬಾವಿಯ ಬಳಿ ಅವರು ಬೇಡವಾಗಿದ್ದರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥ ವಂಶಪಾರಂಪರ್ಯದ ಚಾಕರಿಯಿಂದ ನಮ್ಮವರನ್ನು ಬಿಡಿಸಲಿಕ್ಕೆ. ಬೆಳಗಾವಿ, ಧಾರವಾಡ, ವಿಜಯಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು.

ಇನ್ನೊಂದು ಮಾತು. ಅರಳಿ ಮತ್ತು ಕಣಜ ಹುಟ್ಟಿನಿಂದಲೇ ಬೇರೆ ಬೇರೆ. ಮನುಷ್ಯರು ಹಾಗಲ್ಲ. ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನೇ ತಿಳಿಸಿದ್ದಾರೆ: ಹುಲ್ಲು, ಮರ, ಕೀಟ, ಮೀನು, ಹಕ್ಕಿಗಳಲ್ಲಿ ಹುಟ್ಟಿನ ಗುರುತುಗಳು ಬೇರೆ ಬೇರೆ ಇವೆ, ಮನುಷ್ಯರ ನಡುವೆ ಅಂಥ ಗುರುತಿಲ್ಲ. ಕಣಜ ತನ್ನ ಕೆಲಸ ಬಿಡಲಾರದು. ಮನುಷ್ಯ ಬಿಡಬಲ್ಲ, ಹೊಸದನ್ನು ಆರಿಸಿಕೊಳ್ಳಬಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಆರಿಸಿಕೊಂಡರು.

ಈ ಅಳತೆಗೋಲನ್ನು ಪರರಿಗಷ್ಟೇ ಹಿಡಿದರೆ ಧಮ್ಮವಾಗದು. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ವಿಹಾರದಲ್ಲಿ ಸದಾ ಪಾತ್ರೆ ತೊಳೆಯುವವರು ಯಾರು, ಸದಾ ಭಾಷಣ ಮಾಡುವವರು ಯಾರು? ಇಂದು ಐದು ನಿಮಿಷ ಕುಳಿತು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಬಂದ ಉತ್ತರದಂತೆ ಇಂದೇ ಒಂದು ಕೆಲಸದ ಕೈ ಬದಲಿಸೋಣ.

ನಮೋ ಬುದ್ಧಾಯ. ಜೈ ಭೀಮ್.