ಎಂಜಿನ್ ಎತ್ತುವ ಕ್ರೇನು: ಆಯ್ಕೆ ಮತ್ತು ಬಳಕೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪಿನ ನಾಟಿಗೆ, ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಭತ್ತದ ಕೆಸರು ಉಳುಮೆಗೆ ಟ್ರ್ಯಾಕ್ಟರ್ ಬೇಕಾದ ಹೊತ್ತಿಗೇ ಎಂಜಿನ್ ಕೆಟ್ಟರೆ ಎಲ್ಲರಿಗೂ ಅವಸರ. ಮರದ ಕೊಂಬೆಗೋ ಬ್ಯಾರನ್ನಿನ ತೊಲೆಗೋ ಚೈನ್ ಬ್ಲಾಕ್ ಕಟ್ಟುವುದು ಆಗಲೇ. ಆ ತೊಲೆ ಸೊಪ್ಪಿನ ಕಡ್ಡಿಗಳ ಭಾರಕ್ಕೆ ಹಾಕಿದ್ದು. ಒಂದೇ ಕಡೆ ಜಗ್ಗುವ ಎಂಜಿನ್ನಿಗಲ್ಲ.

ಗ್ಯಾರೇಜಿಗೆ ಕ್ರೇನು ಕೊಳ್ಳುವವರು ‘2 ಟನ್’ ಎಂಬ ಬರಹವನ್ನಷ್ಟೇ ನಂಬಬಾರದು. ಅದು ತೋಳು ಪೂರ್ತಿ ಒಳಗಿದ್ದಾಗಿನ ಲೆಕ್ಕ. ತೋಳು ಚಾಚಿದಂತೆ ಸಾಮರ್ಥ್ಯ ಇಳಿದು, ಇಂಥ ಕ್ರೇನುಗಳಲ್ಲಿ ಸಾಮಾನ್ಯವಾಗಿ ಕೊನೆಯ ರಂಧ್ರದಲ್ಲಿ ಅರ್ಧ ಟನ್ನಿಗೆ ಬರುತ್ತದೆ. ಎಂಜಿನ್ ತೂಕವನ್ನು ಆ ರಂಧ್ರದ ಲೆಕ್ಕಕ್ಕೇ ಹೋಲಿಸಬೇಕು. ಹಳೆಯ ಕ್ರೇನಾದರೆ ಭಾರವನ್ನು ನೆಲದಿಂದ ಗೇಣುದ್ದ ಎತ್ತಿ ಹತ್ತು ನಿಮಿಷ ಬಿಟ್ಟು ನೋಡಿ. ತೋಳು ತಾನಾಗಿ ಇಳಿದರೆ ಕೊಳ್ಳಬೇಡಿ.

ಜೀಪು, ಲಾರಿಗಳಲ್ಲಿ ಎಂಜಿನ್ ಚಾಸಿಯ ಮೇಲೆ ಕೂತಿರುತ್ತದೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಬೆನ್ನೆಲುಬು. ಅದನ್ನು ಬಿಚ್ಚಿದರೆ ಗಾಡಿಯೇ ಎರಡು ಹೋಳು. ಆದ್ದರಿಂದ ಬೋಲ್ಟು ಸಡಿಲಿಸುವ ಮೊದಲೇ ಗೇರ್‌ಬಾಕ್ಸಿನ ಕೆಳಗೆ ಗಟ್ಟಿ ಸ್ಟ್ಯಾಂಡು, ಮುಂದಿನ ಆಕ್ಸಲ್ಲು ವಾಲದಂತೆ ಎರಡೂ ಬದಿಗೆ ಮರದ ಬೆಣೆ, ಹಿಂದಿನ ಚಕ್ರಗಳಿಗೆ ಅಡೆ ಕೊಡಬೇಕು. ಬರಿಯ ಜಾಕಿ ಸಾಲದು.

ಸರಪಳಿಯ ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿ ಮೀರದಿರಲಿ. 120 ಡಿಗ್ರಿಯಾದರೆ ಒಂದೊಂದು ಎಳೆಯ ಮೇಲೂ ಎಂಜಿನ್ನಿನ ಪೂರ್ತಿ ತೂಕದಷ್ಟು ಸೆಳೆತ ಬೀಳುತ್ತದೆ. ಮಣ್ಣಿನ ನೆಲದಲ್ಲಿ ಕ್ರೇನಿನ ಸಣ್ಣ ಚಕ್ರ ಹೂತು ಕ್ರೇನು ಮಗುಚೀತು. ಕಾಂಕ್ರೀಟು ಹಾಸು ಅಗತ್ಯ. ತಳ್ಳುವಾಗ ಎಂಜಿನ್ನನ್ನು ಆದಷ್ಟೂ ತಗ್ಗಿಸಿ, ನಿಧಾನವಾಗಿ ತಳ್ಳಬೇಕು. ತೂಗುವ ಎಂಜಿನ್ನಿನ ಕೆಳಗೆ ಯಾರೂ ಕೈಯನ್ನೂ ಇಡಬಾರದು; ಅದನ್ನು ಹಿಡಿದಿರುವುದು ಎಣ್ಣೆ ಮತ್ತು ಒಂದು ರಬ್ಬರ್ ಸೀಲು. ಕೆಲಸ ಮುಗಿಯದಿದ್ದರೂ ಸಂಜೆ ಎಂಜಿನ್ನನ್ನು ಸ್ಟ್ಯಾಂಡಿಗೆ ಇಳಿಸಿಯೇ ಗ್ಯಾರೇಜು ಮುಚ್ಚಬೇಕು.