ಮೋಟಾರು ಗಾಡಿಯ ದೀಪವೂ ನಮ್ಮ ಕಣ್ಣೂ

ದೀಪವಿರುವುದು ಕತ್ತಲೆಯನ್ನು ಕಳೆಯುವುದಕ್ಕೆ. ಮನೆಯ ದೀಪಕ್ಕೆ ಈ ಮಾತು ಸಾಕು. ಮೋಟಾರು ಗಾಡಿಯ ದೀಪಕ್ಕೆ ಸಾಲದು. ಅದು ಎರಡು ಕೆಲಸಗಳನ್ನು ಮಾಡಬೇಕು. ಗಾಡಿ ನಡೆಸುವವನಿಗೆ ದಾರಿಯನ್ನು ತೋರಿಸುವುದು ಒಂದು. ದಾರಿಯಲ್ಲಿರುವ ಇತರರಿಗೆ ಆ ಗಾಡಿಯನ್ನು ತೋರಿಸುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಮರೆಯುವವರು ಬಹು ಮಂದಿ. ಆ ಮರೆವಿನಿಂದ ಕಷ್ಟಕ್ಕೆ ಈಡಾಗುವವರಲ್ಲಿ ಕಾಲ್ನಡೆಯವರೂ ಸೈಕಲ್ ತುಳಿಯುವವರೂ ಇದ್ದಾರೆ. ಎಂದರೆ ನಿಮ್ಮಂತಹ ವಿದ್ಯಾರ್ಥಿಗಳು. ಆದುದರಿಂದ ಗಾಡಿ ನಡೆಸುವ ವಯಸ್ಸು ಇನ್ನೂ ಬಾರದಿದ್ದರೂ ಈ ವಿಷಯವನ್ನು ನೀವು ಅರಿತಿರುವುದು ಲೇಸು.

ಮೊದಲು ನಮ್ಮ ಊರಿನ ಬೆಳಗನ್ನೇ ವಿಚಾರಿಸೋಣ. ಭಾರತದ ಗಡಿಯಾರಗಳೆಲ್ಲ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುತ್ತವೆ. ಅಹಮದಾಬಾದು ಸುಮಾರು ಎಪ್ಪತ್ತೆರಡೂವರೆ ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ೪ ನಿಮಿಷದಂತೆ ೧೦ ಡಿಗ್ರಿಗೆ ೪೦ ನಿಮಿಷ. ಅಷ್ಟು ಹೊತ್ತು ನಮ್ಮ ಸೂರ್ಯನು ಗಡಿಯಾರಕ್ಕಿಂತ ಹಿಂದೆ ಉಳಿದಿರುತ್ತಾನೆ. ಇದರ ಜೊತೆಗೆ ನಾವು ಇಷ್ಟು ಉತ್ತರದಲ್ಲಿರುವುದರಿಂದ ಚಳಿಗಾಲದ ಬೆಳಗು ಮತ್ತಷ್ಟು ತಡವಾಗುತ್ತದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸುಮಾರು ೬ ಗಂಟೆ ೪೫ ನಿಮಿಷಕ್ಕೆ ಸೂರ್ಯೋದಯವಾದರೆ ಅಹಮದಾಬಾದಿನಲ್ಲಿ ಸುಮಾರು ೭ ಗಂಟೆ ೨೦ ನಿಮಿಷಕ್ಕೆ ಆಗುತ್ತದೆ. ವಡೋದರ, ಸೂರತ್ತುಗಳಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲ. ಬೆಳಗಿನ ಪಾಳಿಯ ಶಾಲೆಗೆ ಆರೂವರೆಗೆ ಹೊರಡುವ ಮಕ್ಕಳು ಕತ್ತಲೆಯಲ್ಲಿಯೇ ರಸ್ತೆಯನ್ನು ದಾಟಬೇಕಾಗುತ್ತದೆ.

೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೂರ್ಯಾಸ್ತವಾದ ಅರ್ಧ ಗಂಟೆಯ ಮೇಲೆ ಮರುದಿನದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ಗಾಡಿಯ ದೀಪಗಳು ಉರಿಯುತ್ತಿರಬೇಕು. ಬಹು ಜನ ನೆನಪಿಟ್ಟಿರುವುದು ಇಷ್ಟನ್ನೇ. ಆದರೆ ಬೆಳಕು ಸಾಲದೆ ಇರುವ ಯಾವ ಹೊತ್ತಿನಲ್ಲಿಯಾದರೂ ದೀಪವಿರಬೇಕೆಂದು ಅದೇ ನಿಯಮವು ಹೇಳುತ್ತದೆ. ದೀಪದ ಹೊತ್ತನ್ನು ಗೊತ್ತುಮಾಡಬೇಕಾದುದು ಗಡಿಯಾರವೊಂದೇ ಅಲ್ಲ, ಕಣ್ಣು ಕೂಡ.

ಆ ಕಣ್ಣಿನ ಸ್ವಭಾವವಾದರೂ ಎಂತಹುದು? ನಮ್ಮ ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನ ಆಕಾರದವು ಹಗಲಿನಲ್ಲಿ ಕೆಲಸ ಮಾಡಿ ಬಣ್ಣಗಳನ್ನು ತಿಳಿಸುತ್ತವೆ. ಸರಳಿನ ಆಕಾರದವು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಅವುಗಳಿಗೆ ಬಣ್ಣಗಳ ಭೇದ ತಿಳಿಯದು. ಮುಸ್ಸಂಜೆಯಲ್ಲಿ ಮೊದಲನೆಯವು ಸೋಲುತ್ತಿರುತ್ತವೆ, ಎರಡನೆಯವು ಪೂರ್ತಿಯಾಗಿ ಎಚ್ಚೆತ್ತಿರುವುದಿಲ್ಲ. ಕತ್ತಲೆಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಬೊಹೀಮಿಯದ ಪುರ್ಕಿಂಜೆ ಎಂಬ ವಿಜ್ಞಾನಿಯು ೧೯ನೆಯ ಶತಮಾನದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದನು: ಬೆಳಕು ಕುಂದಿದಂತೆ ಎಲ್ಲಕ್ಕಿಂತ ಮೊದಲು ಕಪ್ಪಾಗಿ ಕಾಣುವುದು ಕೆಂಪು ಬಣ್ಣ. ಹಗಲಿನಲ್ಲಿ ದೂರಕ್ಕೇ ಹೊಳೆಯುವ ಕೆಂಪು ಸ್ವೆಟರು ಸಂಜೆಯ ಹೊತ್ತಿಗೆ ಕಪ್ಪು ಕಂಬಳಿಯಂತಾಗುತ್ತದೆ. ಅತ್ತ ಆಕಾಶವು ಇನ್ನೂ ಬೆಳ್ಳಗಿರುವುದರಿಂದ ‘ಬೆಳಕಿದೆಯಲ್ಲ, ದೀಪವೇಕೆ?’ ಎಂದು ಗಾಡಿಯವನು ಭಾವಿಸುತ್ತಾನೆ. ಇತ್ತ ಬೂದು ಬಣ್ಣದ ಅವನ ಕಾರು ಬೂದು ಬಣ್ಣದ ರಸ್ತೆಯಲ್ಲಿ ಕರಗಿಹೋಗಿರುತ್ತದೆ.

ಇದು ಬರಿಯ ಊಹೆಯಲ್ಲ. ೧೯೩೯ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಮೊದಲಾದಾಗ ವಿಮಾನದಾಳಿಗೆ ಅಂಜಿ ಬ್ರಿಟನ್ನಿನಲ್ಲಿ ಬೀದಿಯ ದೀಪಗಳನ್ನು ಆರಿಸಿದರು. ಗಾಡಿಗಳ ದೀಪಗಳಿಗೆ ಮುಸುಕು ಹಾಕಿಸಿದರು. ದೊಡ್ಡ ಬಾಂಬುದಾಳಿಗಳು ಇನ್ನೂ ಆರಂಭವಾಗುವ ಮೊದಲೇ ರಸ್ತೆಯ ಸಾವುಗಳು ಬಹಳ ಏರಿದವು. ಕೊನೆಗೆ ರಸ್ತೆಯಂಚಿನ ಕಲ್ಲುಗಳಿಗೂ ಮರಗಳಿಗೂ ಸುಣ್ಣದಂತೆ ಬಿಳಿಯ ಬಣ್ಣ ಬಳಿಯಬೇಕಾಯಿತು. ರಾತ್ರಿ ಹೊರಗೆ ಹೋಗುವವರು ಬಿಳಿಯದೇನನ್ನಾದರೂ ಧರಿಸಬೇಕೆಂದು ಜನರಿಗೆ ಹೇಳಬೇಕಾಯಿತು.

ಇನ್ನು ಒಂದು ಲೆಕ್ಕವನ್ನು ಮಾಡೋಣ. ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಹಿಡಿಯಿತೆನ್ನಿ. ಅನಂತರ ಒಣಗಿದ ರಸ್ತೆಯಲ್ಲಿ ನಿಲ್ಲಲು ಸುಮಾರು ೨೦ ಮೀಟರ್ ಬೇಕು. ಒಟ್ಟು ೩೭ ಮೀಟರ್. ಬ್ರೇಕಿನ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗ ೮೦ ಆದರೆ ೨೨ಕ್ಕೆ ೩೬ ಸೇರಿ ೫೮ ಮೀಟರ್. ೧೦೦ ಆದರೆ ೨೮ಕ್ಕೆ ೫೬ ಸೇರಿ ೮೪ ಮೀಟರ್. ಡಿಪ್ಪು ಮಾಡಿದ ದೀಪವು ೪೦ ಮೀಟರಿನಷ್ಟು ದಾರಿಯನ್ನು ಬೆಳಗಿಸಿತೆಂದು ಇಟ್ಟುಕೊಳ್ಳಿ. ೬೦ರ ವೇಗದವನು ಹೇಗೋ ನಿಲ್ಲಬಲ್ಲನು, ೮೦ರವನು ನಿಲ್ಲಲಾರನು. ಅಹಮದಾಬಾದು–ವಡೋದರಗಳ ನಡುವಣ ೯೩ ಕಿಲೋಮೀಟರಿನ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ೧೦೦ರ ವೇಗ ಅಪರೂಪವಲ್ಲ. ದೀಪವು ತೋರಿಸುವಷ್ಟು ದೂರದೊಳಗೆ ನಿಲ್ಲಲಾಗದ ವೇಗವು ಕುರುಡು ವೇಗವೇ ಸರಿ.

ಹಾಗಾದರೆ ಉದ್ದನೆಯ ಬೆಳಕಾದ ಹೈಬೀಮನ್ನೇ ಸದಾ ಬಳಸಬಾರದೇಕೆ? ಎದುರಿನವನ ಕಣ್ಣಿಗೆ ಅದು ಕೋರೈಸುತ್ತದೆ. ಕಣ್ಣು ಸುಧಾರಿಸಲು ಕೆಲವು ಸೆಕೆಂಡುಗಳು ಹಿಡಿಯುತ್ತವೆ. ಮೂರು ಸೆಕೆಂಡಿನಲ್ಲಿ ೬೦ರ ವೇಗದ ಗಾಡಿ ಸುಮಾರು ೫೦ ಮೀಟರ್ ದೂರವನ್ನು ಕಣ್ಣಿಲ್ಲದೆ ಓಡಿರುತ್ತದೆ. ಎದುರು ಗಾಡಿ ಬಂದಾಗ, ಮುಂದಿನ ಗಾಡಿಯ ಬೆನ್ನ ಹಿಂದೆ ಇರುವಾಗ, ಊರೊಳಗಿನ ಬೀದಿಗಳಲ್ಲಿ ಡಿಪ್ಪು ಮಾಡುವುದೇ ಸಭ್ಯತೆ.

ಮಂಜಿನಲ್ಲಿಯಂತೂ ಹೈಬೀಮು ತನಗೇ ಶತ್ರು. ಚಳಿಗಾಲದ ಬೆಳಗಿನಲ್ಲಿ ಹೊಲಗಳ ಮೇಲೂ ನದಿಗಳ ಬಳಿಯೂ ಮಂಜು ಕವಿದಾಗ, ಗಾಳಿಯಲ್ಲಿ ತೇಲುವ ನೀರಿನ ಹನಿಗಳು ಬೆಳಕನ್ನು ಹಿಂದಕ್ಕೆಸೆದು ಕಣ್ಣೆದುರಿಗೆ ಬಿಳಿಯ ಗೋಡೆಯನ್ನು ಕಟ್ಟುತ್ತವೆ. ಆಗ ಡಿಪ್ಪಿನ ಬೆಳಕೇ ಮೇಲು. ಮಂಜಿನ ದೀಪಗಳನ್ನು ಕೆಳಗೆ ಕೂಡಿಸುವುದೂ ಅವುಗಳ ಬೆಳಕು ಕಣ್ಣಿನ ನೇರಕ್ಕೆ ಬಾರದಿರಲೆಂದೇ. ಸೂರತ್ತಿನ ಕಡೆ ಮಳೆ ಜಡಿದು ಹೊಡೆಯುವಾಗಲೂ ಇದೇ ನಿಯಮ; ಒದ್ದೆ ರಸ್ತೆಯಲ್ಲಿ ಬ್ರೇಕಿನ ದೂರ ಹೆಚ್ಚುವುದರಿಂದ ವೇಗವನ್ನೂ ತಗ್ಗಿಸಬೇಕು. ಕೆಲವರು ಓಡುತ್ತಿರುವಾಗಲೇ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತಾರೆ. ಇದರಿಂದ ಗಾಡಿ ನಿಂತಿದೆಯೋ, ಓಡುತ್ತಿದೆಯೋ, ತಿರುಗುತ್ತದೆಯೋ ಒಂದೂ ಹಿಂದಿನವನಿಗೆ ತಿಳಿಯದು.

ಹಗಲಿನಲ್ಲಿಯೂ ದೀಪ ಬೇಕೆಂದರೆ ಕೆಲವರು ನಕ್ಕಾರು. ಸ್ವೀಡನ್ ದೇಶವು ೧೯೭೭ರಲ್ಲಿಯೇ ಹಗಲು ದೀಪವನ್ನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ ೨೦೧೭ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ನು ಚಾಲೂ ಆದೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಅವುಗಳ ಮೈ ಕಿರಿದು. ಬಸ್ಸು ಲಾರಿಗಳ ನಡುವೆ ಬೇಗ ಕಣ್ಣಿಗೆ ಬೀಳವು. ಹೊಸ ಕಾರುಗಳಲ್ಲಿಯೂ ಹಗಲು ದೀಪಗಳುಂಟು. ಆದರೆ ಇಲ್ಲೊಂದು ಎಚ್ಚರಿಕೆ: ಅನೇಕ ಕಾರುಗಳಲ್ಲಿ ಹಗಲು ದೀಪ ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಮುಂದೆ ಬೆಳಕು ಕಂಡು ನಡೆಸುವವನು ನಿಶ್ಚಿಂತನಾಗಿರುತ್ತಾನೆ. ಹಿಂದೆ ಬರುವವನಿಗೆ ಮಂಜಿನಲ್ಲಿ ಏನೂ ಕಾಣದು. ಸಂಜೆ, ಮಳೆ, ಮಂಜುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚನ್ನೇ ಹಾಕಬೇಕು.

ವಿದ್ಯಾರ್ಥಿಗಳೇ, ನೀವು ಮಾಡಬಹುದಾದುದೂ ಉಂಟು. ಬೆಳಗು ಬೈಗುಗಳಲ್ಲಿ ಬಿಳಿ ಅಥವಾ ತಿಳಿ ಬಣ್ಣದ ಉಡುಪು ಮೇಲು. ಸೈಕಲ್ಲಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ, ಅದರ ಧೂಳನ್ನು ಒರೆಸಿರಿ. ಶಾಲೆಯ ಚೀಲಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸಿರಿ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಗಡೆಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ನಡೆಯಿರಿ. ನಿಮಗೆ ಗಾಡಿ ಕಂಡಿತೆಂದ ಮಾತ್ರಕ್ಕೆ ಗಾಡಿಯವನಿಗೆ ನೀವು ಕಂಡಿರೆಂದು ತಿಳಿಯಬೇಡಿರಿ. ತಂದೆಯವರೊಡನೆ ಕಾರಿನಲ್ಲಿ ಹೋಗುವಾಗ ಬೆಳಕು ಮಂದವಾದರೆ ‘ಅಪ್ಪಾ, ದೀಪ ಹಾಕಿದ್ದೀರಾ?’ ಎಂದು ಕೇಳಲು ಸಂಕೋಚ ಬೇಡ.

ಕೊನೆಯದಾಗಿ ಒಂದು ಅಭ್ಯಾಸ. ಒಂದು ವಾರ ಸಂಜೆ, ಮನೆಯ ಕಿಟಕಿಯಲ್ಲಿಯೋ ಮಾಳಿಗೆಯಲ್ಲಿಯೋ ನಿಂತು ಹತ್ತು ನಿಮಿಷ ರಸ್ತೆಯನ್ನು ನೋಡಿರಿ. ದೀಪ ಹಾಕಿದ ಗಾಡಿ ಎಷ್ಟು ದೂರದಲ್ಲಿ ಕಂಡಿತು, ಹಾಕದಿದ್ದುದು ಎಷ್ಟು ಹತ್ತಿರ ಬಂದ ಮೇಲೆ ಕಂಡಿತು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು ತನ್ನಿರಿ. ತರಗತಿಯಲ್ಲಿ ಕುಳಿತು ಎಲ್ಲರ ಬರಹಗಳನ್ನೂ ಹೋಲಿಸಿ ನೋಡೋಣ.